ಬರೀ ಕಲ್ಲಿರುವ ಜಾಗ

ಕರಾವಳಿಯ ಒಂದು ಮೀನುಗಾರಿಕೆ ಕಚೇರಿಗೆ ಮೇಲಿನಿಂದ ಆದೇಶ ಬಂತು. ಸಮುದ್ರದಲ್ಲಿ ಮೀನು ಮೊಟ್ಟೆಯಿಟ್ಟು ಮರಿಯಾಗುವ ಜಾಗ ಗುರುತಿಸಿ, ಅಲ್ಲಿ ಬಲೆ ಬೀಸುವುದನ್ನು ನಿಲ್ಲಿಸಬೇಕಂತೆ.

ಮರುದಿನವೇ ಬೋಟ್ ಮಾಲೀಕರ ಸಂಘದ ಅಧ್ಯಕ್ಷ ಪುರುಷೋತ್ತಮ ತಾಂಡೇಲರು ತಮ್ಮವರನ್ನೆಲ್ಲ ಕಟ್ಟಿಕೊಂಡು ಬಂದು ಸಾಹೇಬರ ಮೇಜು ಗುದ್ದಿದರು. "ನಮ್ಮ ಸಮುದ್ರದಲ್ಲಿ ಅಂಥ ಜಾಗವೇ ಇಲ್ಲ. ಹಾಗಂತ ಈಗಲೇ ಬರೆದುಕೊಡಿ!"

ಸಾಹೇಬರು ಬೆವರುತ್ತ ಪೆನ್ನು ತೆಗೆದರು. ಅಷ್ಟರಲ್ಲಿ ಗುಮಾಸ್ತೆ ವನಮಾಲಾ ಮೇಜಿನ ಮೇಲೆ ಸಮುದ್ರದ ನಕ್ಷೆ ಹಾಸಿದಳು.

"ತಾಂಡೇಲರೇ, ಜಾಗವೇ ಇಲ್ಲ ಅಂದರೆ ಮೇಲಿನವರು ಕಣ್ಣುಮುಚ್ಚಿ ಎಲ್ಲೋ ಒಂದು ಕಡೆ ಗೆರೆ ಎಳೀತಾರೆ. ಎಲ್ಲಿ ಎಳೆದರೆ ನಿಮಗೆ ತೀರಾ ತೊಂದರೆ? ತೋರಿಸಿ."

ಎಲ್ಲರೂ ಒಟ್ಟಿಗೆ ಮುಗಿಬಿದ್ದರು. ಬೆರಳುಗಳೆಲ್ಲ ಒಂದೇ ಕಡೆ ಹೋಗಿ ಒಂದಕ್ಕೊಂದು ತಾಗಿದವು. ಅದು ಕಾಗೆಗುಡ್ಡ ದ್ವೀಪದ ಹಿಂದಿನ ಬಂಡೆಸಾಲು.

"ಇಲ್ಲಿ ಮಾತ್ರ ಬೇಡ!" ಎಂದರು ತಾಂಡೇಲರು.

ವನಮಾಲಾಳಿಗೆ ನಿಜಕ್ಕೂ ಕುತೂಹಲವಾಯಿತು. "ಅಲ್ಲೇನಿದೆ?"

"ಏನಿಲ್ಲ. ಬರೀ ಕಲ್ಲು."

"ಬರೀ ಕಲ್ಲಿಗೆ ಇಷ್ಟೊಂದು ಬೆರಳೇ?"

ವಯಸ್ಸಾದ ಮಾಲೀಕರೊಬ್ಬರು ನಗು ತಡೆಯಲಾರದೆ ಹೇಳಿಯೇಬಿಟ್ಟರು. "ಮೀನು ಮೊಟ್ಟೆ ಇಡೋದೇ ಆ ಕಲ್ಲಿನ ಸಂದಿಯಲ್ಲಿ, ತಂಗಿ. ಅದಕ್ಕೇ ನಾವೆಲ್ಲ ಬಲೆ ಬೀಸೋದೂ ಅಲ್ಲೇ. ಅದು ಹಾಳಾದರೆ ನಮ್ಮ ಬಲೆಗೆ ಬೀಳೋದು ಬರೀ ನೀರು."

ಒಬ್ಬೊಬ್ಬರೇ ಮೆಲ್ಲಗೆ ಬೆರಳು ಹಿಂದೆಗೆದುಕೊಂಡರು. ತಾಂಡೇಲರೂ ತೆಗೆಯಹೊರಟಾಗ ವನಮಾಲಾ ತಡೆದಳು.

"ನೀವು ತೆಗೀಬೇಡಿ, ಹಾಗೇ ಇರಲಿ" ಎಂದವಳೇ ಆ ಬೆರಳಿನ ಸುತ್ತ ಪೆನ್ಸಿಲಿನಿಂದ ಗೆರೆ ಎಳೆಯತೊಡಗಿದಳು.

ತಾಂಡೇಲರು ಸಾಹೇಬರನ್ನು ನೋಡಿದರು. ತಮ್ಮವರನ್ನು ನೋಡಿದರು. ಆಮೇಲೆ ದನಿ ತಗ್ಗಿಸಿ ಕೇಳಿಕೊಂಡರು.

"ಸುತ್ತು ಸ್ವಲ್ಪ ಸಣ್ಣದಿರಲಿ, ಮಾರಾಯ್ತಿ."