ಆರನೆಯ ಪಾಠಕ್ಕೆ ಹೆದರಿದ ಪ್ರಿಸ್ಕಿಲ್ಲಾ

"ಅಯ್ಯನವರೇ, ಆರನೆಯ ಪಾಠ ಬಿಟ್ಟು ನೇರ ಏಳನೆಯದಕ್ಕೆ ಹೋದರೆ ತಪ್ಪೇ?" ಎಂದು ಪ್ರಿಸ್ಕಿಲ್ಲಾ ಕೇಳಿದಳು.

ಅವಳು ಸಂಡೇ ಸ್ಕೂಲಿನ ದೊಡ್ಡ ಮಕ್ಕಳಿಗೆ ಪಾಠ ಹೇಳುವವಳು. ಸತ್ಯವೇದದ ಚರಿತ್ರೆಯ ಆನ್‌ಲೈನ್ ಪಾಠಗಳನ್ನು ಮೊದಲು ತಾನು ನೋಡಿ, ಆಮೇಲೆ ಮಕ್ಕಳಿಗೆ ತೋರಿಸುತ್ತಿದ್ದಳು. ಐದು ಪಾಠ ನೀರು ಕುಡಿದಷ್ಟು ಸಲೀಸಾಗಿ ಮುಗಿದವು. ಆರನೆಯದರಲ್ಲಿ, ದೇವಜನರ ಕೊಂಬಿನ ಧ್ವನಿಗೆ ಗೋಡೆ ಬಿತ್ತೆಂದು ಸತ್ಯವೇದ ಹೇಳುವ ಯೆರಿಕೋ ಪಟ್ಟಣ ಬಂತು. ಅದರ ಗೋಡೆ ಯಾವ ಕಾಲದಲ್ಲಿ ಬಿತ್ತೆಂಬುದರಲ್ಲಿ, ನೆಲ ಅಗೆದು ನೋಡಿದ ಪಂಡಿತರಲ್ಲೇ ಒಮ್ಮತವಿಲ್ಲ ಎಂದು ಆ ಪಾಠ ಹೇಳಿತು. ಪ್ರಿಸ್ಕಿಲ್ಲಾ ಪಾಠವನ್ನು ಅಲ್ಲಿಗೇ ನಿಲ್ಲಿಸಿದಳು. ಅಂದಿನಿಂದ ಪ್ರಾರ್ಥನೆಗೆ ಕೂತರೂ ಅವಳಿಗೆ ಅದೇ ಯೋಚನೆ. ಹದಿಮೂರು ಮಕ್ಕಳು ಇದನ್ನು ಕೇಳಿ, ಮಿಕ್ಕದ್ದೂ ಹೀಗೆಯೇ ಎಂದುಕೊಂಡು ವಿಶ್ವಾಸವನ್ನೇ ಬಿಟ್ಟುಬಿಟ್ಟರೆ ಗತಿಯೇನು?

ಸಭಾಪಾಲಕ ಸತ್ಯಮಿತ್ರ ಅಯ್ಯನವರು ತಪ್ಪು ಎನ್ನಲಿಲ್ಲ, ಸರಿ ಎನ್ನಲಿಲ್ಲ. "ಕೂತುಕೋ ತಾಯಿ" ಎಂದು ಕತೆ ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ನೀರುಗಂಟಿಯಿದ್ದ. ಕೆರೆ ಕಾಯುವುದು, ಗದ್ದೆಗಳಿಗೆ ನೀರು ಬಿಡುವುದು ಅವನ ಕೆಲಸ. ದಿನಾ ಬೆಳಿಗ್ಗೆ ಏರಿಯ ಹಿಂಬದಿಯಲ್ಲಿ ಬರಿಗಾಲಲ್ಲಿ ನಡೆಯುವನು. ನೀರು ಒಸರಿದರೆ ಕಣ್ಣಿಗಿಂತ ಮೊದಲು ಅಂಗಾಲಿಗೆ ಗೊತ್ತಾಗುತ್ತದೆ. ಬೇಸಿಗೆಯಲ್ಲೊಂದು ದಿನ ಅವನ ಅಂಗಾಲು ತಣ್ಣಗಾಯಿತು. ಬಗ್ಗಿ ನೋಡಿದ. ಸುತ್ತಲೂ ಹುಲ್ಲು ಒಣಗಿ ನಿಂತಿದೆ, ಅಲ್ಲಿ ಒಂದು ಚಾಪೆಯಗಲ ಜಾಗ ಮಾತ್ರ ಹಚ್ಚಗಿದೆ. ಏರಿಯೊಳಗೆ ನೀರು ದಾರಿ ಮಾಡಿಕೊಂಡಿತ್ತು.

ಮದ್ದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಅಲ್ಲಿ ಅಗೆದು, ಸಡಿಲ ಮಣ್ಣು ತೆಗೆದು, ಜೇಡಿಮಣ್ಣು ತುಂಬಿ, ಗಟ್ಟಿಯಾಗುವಂತೆ ಬಡಿದು ದಮ್ಮಸು ಮಾಡಬೇಕು. ಆದರೆ ಅಗೆಯುವುದೆಂದರೆ ಊರಿಗೆ ಹೇಳಬೇಕು. ಹಿರಿಯರು ಕಟ್ಟಿದ ಏರಿಗೇ ಹೀಗಾಯಿತೆಂದು ಗೊತ್ತಾದರೆ ಜನ ಕೆರೆಯನ್ನೇ ನಂಬದೆ ಹೋದಾರು, ಬಿತ್ತುವುದನ್ನೇ ಬಿಟ್ಟಾರು. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವನ ಹಾಗೆ ಸುಮ್ಮನಾದ. ಯಾರೂ ಇಲ್ಲದಾಗ ಒಂದೆರಡು ಹೆಂಟೆ ಮಣ್ಣು ಮೆತ್ತಿದ. ಒಳಗಿನ ನೀರಿಗೆ ಹೊರಗಿನ ತೇಪೆ ಯಾವ ಲೆಕ್ಕ!

ಊರವರೋ, "ಬೇಸಿಗೆಯಲ್ಲೂ ಎಂಥ ಹುಲ್ಲು ನೋಡ್ರಯ್ಯಾ, ನಮ್ಮ ಕೆರೆಯ ಪುಣ್ಯ" ಎಂದು ಹಾಡಿ ಹೊಗಳಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ, ಅವರು ಹೊಗಳಿದಾಗಲೆಲ್ಲ ಅವನು ಬೆವರುತ್ತಿದ್ದ. ಮಳೆಗಾಲ ಬಂತು. ಕೆರೆ ತುಂಬಿದಷ್ಟೂ ಅವನ ಗಂಟಲು ಒಣಗಿತು. ಅನ್ನ ಸೇರದಾಯಿತು.

ಒಂದು ಮಧ್ಯಾಹ್ನ ಅವನ ಹೆಂಡತಿ ಕುಡುಗೋಲು ಹಿಡಿದು ಹೊರಟಳು. "ಏರಿ ಹಿಂದೆ ಹುಲ್ಲು ಮೊಣಕಾಲುದ್ದ ಬಂದಿದೆ. ಒಂದು ಹೊರೆ ಕೊಯ್ದು ತರ್ತೀನಿ" ಎಂದಳು. ನೀರುಗಂಟಿಯ ಜೀವ ಬಾಯಿಗೆ ಬಂತು. ಹೋಗಬೇಡ ಎಂದರೆ ಯಾಕೆ ಎಂದು ಕೇಳುತ್ತಾಳೆ. ಯಾಕೆಂದು ಹೇಳಿದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. "ಬೇಗ ಬಾ" ಎಂದಷ್ಟೇ ಹೇಳಿದ. ಅವಳು ಹೊರೆ ಕಟ್ಟುತ್ತಿರುವಾಗ ಏರಿ ಒಡೆಯಿತು.

ಅಯ್ಯನವರು ಅಲ್ಲಿಗೆ ನಿಲ್ಲಿಸಿದರು. ಆ ನೀರುಗಂಟಿಯ ಮೇಲೆ ಪ್ರಿಸ್ಕಿಲ್ಲಾಳಿಗೆ ಸಿಟ್ಟು ಬರಲಿಲ್ಲ, ಕನಿಕರವೇ ಬಂತು.

"ಪಾಪ, ಅವನಿಗೆ ಭಯ, ಅಯ್ಯನವರೇ. ಊರಿನ ಒಳ್ಳೆಯದಕ್ಕೇ ಅಲ್ಲವೇ ಸುಮ್ಮನಿದ್ದದ್ದು?" ಎಂದಳು.

"ಹೌದು ತಾಯಿ, ಅವನಿಗೆ ಭಯವಾದರೂ ಇತ್ತು; ಏನೂ ತಿಳಿಯದೆ ಹುಲ್ಲಿಗೆ ಹೋದವಳಿಗೆ ಅದೂ ಇರಲಿಲ್ಲ."