ಕರೆಂಟ್ ಒಲೆ ಕೂರಿಸಿದವನು

ಮುರಿಗೆಯ್ಯ ಗುರುಗಳನ್ನು ಕೇಳಿದ:

"ಬುದ್ಧಿ, ಹನ್ನೆರಡು ವರ್ಷದಿಂದ ಒಂದೇ ಪೂಜೆ ಮಾಡುತ್ತಿದ್ದೇನೆ. ಮೊದಮೊದಲು ಎಲ್ಲಿ ತಪ್ಪುತ್ತದೋ ಎಂದು ಒಂದೊಂದನ್ನೂ ನೋಡಿ ನೋಡಿ ಮಾಡುತ್ತಿದ್ದೆ. ಈಗ ಕೈ ತಾನಾಗಿಯೇ ನಡೆಯುತ್ತದೆ. ವಿಭೂತಿ ಯಾವಾಗ ಹಚ್ಚಿದೆ, ಪತ್ರೆ ಯಾವಾಗ ಏರಿಸಿದೆ, ನನಗೇ ತಿಳಿಯುವುದಿಲ್ಲ. ಇದನ್ನೇ ಸಿದ್ಧಿ ಎನ್ನುತ್ತಾರೆಯೇ?"

ಗುರುಗಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವೈರ್‌ಮನ್ ಇದ್ದ. ನಲವತ್ತು ವರ್ಷ ಅದೊಂದೇ ಕೆಲಸ ಮಾಡಿದವನು. ಅವನಿಗೆ ಒಂದು ಸುಖವಿತ್ತು. ಕೆಲಸಕ್ಕೆ ಕೈ ಹಚ್ಚಿದ ಸ್ವಲ್ಪ ಹೊತ್ತಿಗೆ ಕಣ್ಣ ಮುಂದಿನ ಗೋಡೆ ಕರಗಿ, ಅವನು ಚಿಕ್ಕಂದಿನಲ್ಲಿ ಈಜಿದ ಹೊಳೆ ಕಾಣುತ್ತಿತ್ತು. ಅವನು ಮೆಲ್ಲಗೆ ನೀರಿಗಿಳಿಯುತ್ತಿದ್ದ. ಕೈ ಇಲ್ಲಿ ತಂತಿ ಸುಲಿಯುತ್ತಿರುತ್ತಿತ್ತು, ತಿರುಪು ಬಿಗಿಯುತ್ತಿರುತ್ತಿತ್ತು. ಹೊಳೆಯಿಂದ ಮೇಲೆ ಬರುವಷ್ಟರಲ್ಲಿ ಕೆಲಸ ಮುಗಿದಿರುತ್ತಿತ್ತು. ಒಂದು ದಿನವೂ ತಪ್ಪಾಗಿರಲಿಲ್ಲ.

ಅದೇ ಊರಿನಲ್ಲಿ ಒಬ್ಬಳು ಅಡುಗೆಯವಳು. ವಸತಿ ಶಾಲೆಯೊಂದರಲ್ಲಿ ಮೂವತ್ತು ವರ್ಷ ಸೌದೆ ಒಲೆಯ ಮುಂದೆ ಕುಳಿತು ಸಾವಿರಾರು ಮಕ್ಕಳಿಗೆ ಬಡಿಸಿದ್ದಳು. ಹೊಗೆ ಕುಡಿದು ಕುಡಿದು ಎದೆ ಕಟ್ಟಿತ್ತು. ಇನ್ನು ಹೊಗೆಯ ಹತ್ತಿರ ಸುಳಿಯಬಾರದೆಂದು ವೈದ್ಯರು ಹೇಳಿದರು. ಅವಳು ಕೆಲಸ ಬಿಡುವ ದಿನ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ದೊಡ್ಡದೊಂದು ಕರೆಂಟ್ ಒಲೆಯನ್ನು ಕಾಣಿಕೆಯಾಗಿ ಕೊಟ್ಟರು. ಅವಳು ಕೈ ಮುಗಿದು ತೆಗೆದುಕೊಂಡಳು. ಆದರೆ ಒಂದು ವರ್ಷ ಅದರ ಪೆಟ್ಟಿಗೆಯನ್ನೇ ಬಿಚ್ಚಲಿಲ್ಲ, ಮನೆಯಲ್ಲೂ ಸೌದೆಯನ್ನೇ ಉರಿಸಿದಳು. ಅವಳ ಅಕ್ಕ ಒದ್ದೆ ಕೈಯಲ್ಲಿ ಕರೆಂಟ್ ಒಲೆ ಮುಟ್ಟಿ ಸತ್ತಿದ್ದಳು.

ಕೊನೆಗೆ ಕೆಮ್ಮು ಅವಳ ಹಟ ಮುರಿಯಿತು. ವೈರ್‌ಮನ್‌ಗೆ ಹೇಳಿ ಕಳಿಸಿದಳು.

ಅವನು ಬೆಳಿಗ್ಗೆ ಬಂದ. ದೊಡ್ಡ ಒಲೆ ಬಹಳ ಕರೆಂಟ್ ಎಳೆಯುತ್ತದೆ, ಮನೆಯ ಹಳೆಯ ತಂತಿ ಅದನ್ನು ತಾಳುವುದಿಲ್ಲ ಎಂದ. ಮೀಟರಿನಿಂದಲೇ ಬೇರೆ ದಪ್ಪ ತಂತಿ ಎಳೆದ. ಅದಕ್ಕೆಂದೇ ಹೊಸ ಸ್ವಿಚ್ಚೊಂದನ್ನು ಹಳೆಯ ಮೇನ್ ಸ್ವಿಚ್ಚಿನ ಪಕ್ಕದಲ್ಲಿ ಕೂರಿಸಿ, ಒಮ್ಮೆ ಮೇಲೆತ್ತಿ ಕರೆಂಟ್ ಹಾಯಿಸಿ ನೋಡಿದ. ಹಿತ್ತಲಿನಲ್ಲಿ ಗುಂಡಿ ತೆಗೆದು, ಇದ್ದಿಲು ಉಪ್ಪು ತುಂಬಿ, ಅರ್ತ್ ತಂತಿ ಇಳಿಸಿದ. ಅಡುಗೆಯವಳು ಹೊಸ್ತಿಲ ಮೇಲೆ ಕುಳಿತು ಎಲ್ಲವನ್ನೂ ನೋಡುತ್ತಿದ್ದಳು.

"ಈ ಹಸಿರು ತಂತಿ ಯಾತಕ್ಕೆ ಅಣ್ಣಾ?"

"ಒಲೆಯ ಮೈಗೆ ಕರೆಂಟ್ ಬಂದರೆ ಇದು ಅದನ್ನು ಮಣ್ಣಿಗೆ ಒಯ್ಯುತ್ತದೆ, ತಾಯಿ. ಮುಟ್ಟಿದವರನ್ನು ಹಿಡಿಯುವುದಿಲ್ಲ."

"ನಮ್ಮಕ್ಕನ ಒಲೆಗೆ ಇದಿರಲಿಲ್ಲ" ಎಂದಳು.

ಮಧ್ಯಾಹ್ನವಾಯಿತು. ತಂತಿಯ ತುದಿಯನ್ನು ಒಲೆಗೆ ಸೇರಿಸುವುದೊಂದೇ ಬಾಕಿ. ಆ ಹೊತ್ತಿಗೆ ಅವನು ಹೊಳೆಗೆ ಇಳಿದಾಗಿತ್ತು. ಬಿಸಿಲು ನೀರಿನ ಮೇಲೆ ಒಡೆದು ಒಡೆದು ಹರಿಯುತ್ತಿತ್ತು. ಅವನ ಕಾಲು ನಡೆದುಹೋಗಿ ಮೀಟರಿನ ಮುಂದೆ ನಿಂತಿತು. ಅವನ ಕೈ ಸ್ವಿಚ್ಚೊಂದನ್ನು ಕೆಳಗೆಳೆಯಿತು. ಅಡುಗೆಮನೆಯ ಫ್ಯಾನ್ ನಿಧಾನವಾಗಿ ತಿರುಗಿ ನಿಂತಿತು. ಕಾಲು ಹಿಂದಿರುಗಿತು. ಕೈ ಟೆಸ್ಟರನ್ನು ತಂತಿಯ ತುದಿಗೆ ಇಟ್ಟಿತು. ಅದರ ಪುಟ್ಟ ದೀಪ ಹತ್ತಲಿಲ್ಲ. ಕೈ ಟೆಸ್ಟರನ್ನು ಜೇಬಿಗೆ ಹಾಕಿ, ಬರಿಯ ತಾಮ್ರದ ಕಡೆ ಚಾಚಿತು. ಅವನು ಸೊಂಟದವರೆಗೆ ನೀರಿನಲ್ಲಿದ್ದ.

"ಅಣ್ಣಾ, ಆ ದೀಪ ಹತ್ತುತ್ತದೆಯೇ?"

ಧ್ವನಿ ದೂರದ ದಡದಿಂದ ಬಂದಂತಿತ್ತು. ಅವನು ತಿರುಗಿ ನೋಡಿದ.

"ಕರೆಂಟ್ ಇಲ್ಲವಲ್ಲ ತಾಯಿ, ಹೇಗೆ ಹತ್ತೀತು?"

"ಅದಲ್ಲ ನಾನು ಕೇಳಿದ್ದು. ಕರೆಂಟ್ ಇದ್ದರೆ ಹತ್ತುತ್ತದೆಯೇ? ಇರುವ ಕಡೆ ಒಮ್ಮೆ ಇಟ್ಟು ನೋಡಿದಿರಾ?"

ಅವನಿಗೆ ಸಿಟ್ಟು ಬಂತು. "ನಲವತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ" ಎಂದ.

"ನಮ್ಮಕ್ಕನೂ ಹದಿನೆಂಟು ವರ್ಷ ಆ ಒಲೆಯ ಮೇಲೇ ಅಡುಗೆ ಮಾಡಿದ್ದಳು" ಎಂದಳು ಅವಳು.

ಅವಳ ಸಮಾಧಾನಕ್ಕೆಂದು ಎದ್ದು ಮೀಟರಿನ ಬಳಿಗೆ ಹೋದ. ಬೀದಿಯ ಕಂಬದಿಂದ ಕರೆಂಟ್ ಬಂದು ಸೇರುವಲ್ಲಿ ಟೆಸ್ಟರ್ ಇಟ್ಟ. ದೀಪ ಹತ್ತಲಿಲ್ಲ. ಮೀಟರಿನ ಸಣ್ಣ ಕೆಂಪು ಬೆಳಕು ಮಾತ್ರ ಮಿನುಗುತ್ತಲೇ ಇತ್ತು. ಟೆಸ್ಟರ್ ಕೆಟ್ಟಿತ್ತು.

ಆಮೇಲೆ ಅವನು ಸ್ವಿಚ್ಚುಗಳ ಕಡೆ ನೋಡಿದ. ಕೆಳಗಿದ್ದದ್ದು ಹಳೆಯ ಸ್ವಿಚ್ಚು. ನಲವತ್ತು ವರ್ಷ ಎಲ್ಲ ಮನೆಗಳಲ್ಲೂ ಅವನ ಕೈ ಎಳೆದಿದ್ದು ಅದನ್ನೇ. ಬೆಳಿಗ್ಗೆ ತಾನೇ ಒಲೆಯ ತಂತಿಗೆಂದು ಕೂರಿಸಿದ ಹೊಸ ಸ್ವಿಚ್ಚು ಮೇಲೆಯೇ ಇತ್ತು.

ಚೀಲದಿಂದ ಇನ್ನೊಂದು ಟೆಸ್ಟರ್ ತೆಗೆದು, ಮೀಟರಿನ ಬಳಿ ಪರೀಕ್ಷಿಸಿ, ಒಲೆಯ ಹಿಂದಿನ ತಂತಿಗೆ ಇಟ್ಟ. ಕೆಂಪಗೆ ಹತ್ತಿತು.

ಅವನು ಅಲ್ಲೇ ನೆಲದ ಮೇಲೆ ಕುಳಿತ. ಹೊಳೆ ಎಲ್ಲೂ ಇರಲಿಲ್ಲ. ಬಿಳಿಯ ಗೋಡೆ, ತಾಮ್ರದ ತುದಿ, ಮಡಿಲಲ್ಲಿ ತನ್ನ ಎರಡು ಕೈ. ಅವು ಯಾರದೋ ಕೈಗಳಂತೆ ಕಂಡವು. ಅಡುಗೆಯವಳು ಒಂದು ಲೋಟ ನೀರು ತಂದು ಪಕ್ಕದಲ್ಲಿಟ್ಟಳು. ಅವನು ನಿಧಾನವಾಗಿ ಕುಡಿದ. ನೀರಿನ ರುಚಿ ನೋಡಿ ಬಹಳ ವರ್ಷವಾಗಿದೆ ಎನ್ನಿಸಿತು.

ಎದ್ದು ಹೊಸ ಸ್ವಿಚ್ಚನ್ನು ಕೆಳಗಿಳಿಸಿದ. ಟೆಸ್ಟರನ್ನು ಕರೆಂಟ್ ಇರುವಲ್ಲಿ ಇಟ್ಟು ನೋಡಿದ, ತಂತಿಗೆ ಇಟ್ಟು ನೋಡಿದ, ಹಿಂದಿರುಗಿ ಮತ್ತೆ ಕರೆಂಟ್ ಇರುವಲ್ಲಿ ನೋಡಿದ. ಆಮೇಲೆ ಒಂದೊಂದೇ ತಂತಿ ಸೇರಿಸಿದ. ಹೊಸದಾಗಿ ಕಲಿಯುವವನ ಹಾಗೆ ಪ್ರತಿಯೊಂದನ್ನೂ ಎಳೆದು ನೋಡಿದ. ಅರ್ಧ ಗಂಟೆಯ ಕೆಲಸಕ್ಕೆ ಸಂಜೆಯವರೆಗೆ ಹಿಡಿಯಿತು.

ಅಡುಗೆಯವಳು ಸೆರಗಿಗೆ ಕೈ ಒರೆಸಿ ಒರೆಸಿ ಒಣಗಿಸಿಕೊಂಡಳು. ತಾನೇ ಹೋಗಿ ಸ್ವಿಚ್ಚು ಹಾಕಿದಳು. ಒಂದು ಬೆರಳು ಚಾಚಿ ಒಲೆಯ ಅಂಚನ್ನು ಮುಟ್ಟಿದಳು. ಏನೂ ಆಗಲಿಲ್ಲ. ಹಾಲಿಟ್ಟಳು. ಹೊಗೆಯಿಲ್ಲ, ಉರಿಯಿಲ್ಲ, ಸದ್ದಿಲ್ಲ. ಹಾಲು ಕನಸಿನಲ್ಲಿ ಉಕ್ಕುವ ಹಾಗೆ ತಾನಾಗಿಯೇ ಎದ್ದು ಬಂತು. ಅವಳು ಅಳುತ್ತ ಅಕ್ಕನ ಹೆಸರು ಹೇಳಿದಳು.

ಆ ದಿನದಿಂದ ವೈರ್‌ಮನ್ ಪ್ರತಿಯೊಂದು ಕೆಲಸವನ್ನೂ ಬಾಯಿಬಿಟ್ಟು ಹೇಳಿಕೊಳ್ಳುತ್ತ ಮಾಡಿದ. ಜೊತೆಯವರು ಮುದುಕನಿಗೆ ಅರಳುಮರಳು ಎಂದು ನಕ್ಕರು. ಹೊಳೆಗೆ ಹೋಗಬೇಕೆನ್ನಿಸಿದ ದಿನ ಅವನು ಕೆಲಸ ಮುಗಿಸಿ, ಚೀಲ ಕಟ್ಟಿ, ನಡೆದುಕೊಂಡು ಹೊಳೆಗೇ ಹೋಗುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು.

ಮುರಿಗೆಯ್ಯ ಉಸಿರು ಬಿಟ್ಟ. "ಆ ತಾಯಿ ಕೇಳದಿದ್ದರೆ ಅವನು ಇರುತ್ತಿರಲಿಲ್ಲ, ಬುದ್ಧಿ."

ಗುರುಗಳು ಹೇಳಿದರು: "ಅವಳು ಕೇಳುವ ತನಕ ಅವನು ಇದ್ದನೇ?"