ಶಂಕ್ರವ್ವ ಜಗ್ಗುತ್ತಿದ್ದ ನೆಲುವು

ಹೊಳೆದಂಡೆಯ ಮನೆಯೊಂದರಲ್ಲಿ, ಮಾಳಿಗೆಯ ಬೆಳಕಿಂಡಿಯ ಕೆಳಗೆ, ತೊಲೆಗೆ ಕಟ್ಟಿದ ಹಗ್ಗದ ನೆಲುವೊಂದಿತ್ತು. ಗೋಡೆಯ ಹಲ್ಲಿ ಅದರ ಹಳೆಯ ಗೆಳತಿ.

ಮಳೆಗಾಲ ಬಂತೆಂದರೆ ನೆಲುವಿಗೆ ಶಂಕ್ರವ್ವನ ನೆನಪು ಕಾಡುತ್ತಿತ್ತು. ಆ ಅಜ್ಜಿ ಬದುಕಿರುವತನಕ ಮೃಗಶಿರಾ ಮಳೆ ಕೂಡುವ ದಿನ ಎರಡೂ ಕೈಯಿಂದ ಹಿಡಿದು ಅದಕ್ಕೆ ಜೋತುಬೀಳುತ್ತಿದ್ದಳು. ಒಂದೆಳೆ ಚಟ್ಟೆಂದರೂ ಅಂದೇ ಹೊಸ ಹಗ್ಗ ಹೊಸೆಯುತ್ತಿದ್ದಳು. ಆಮೇಲೆಯೇ ಹಿಟ್ಟು, ಬೆಲ್ಲ, ಬೆಂಕಿಪೊಟ್ಟಣ ಕಟ್ಟಿದ ನೆರೆಗಾಲದ ಗಂಟು ಅದರಲ್ಲಿ ಕೂರುತ್ತಿತ್ತು.

“ಆಗೆಲ್ಲ ನೀನು ಮೈನೋವೆಂದು ಗೊಣಗುತ್ತಿದ್ದೆ,” ಎಂದಿತು ಹಲ್ಲಿ. “ಸೊಸೆ ನಿನ್ನನ್ನು ಒಮ್ಮೆಯೂ ಜಗ್ಗಿಲ್ಲ. ‘ನಮ್ಮತ್ತೆಯ ನೆಲುವು, ಬಲು ಗಟ್ಟಿ’ ಎಂದು ಊರಿಗೆಲ್ಲ ಹೇಳುತ್ತಾಳೆ. ಇನ್ನೇನು ಬೇಕು?”



ಆ ವರ್ಷ ನಡುಹಗಲಲ್ಲೇ ಹೊಳೆ ಮನೆಯೊಳಕ್ಕೆ ನುಗ್ಗಿತು. ಸೊಸೆ ಮಕ್ಕಳನ್ನು ಮಾಳಿಗೆ ಹತ್ತಿಸಿ, ತಾನಿಟ್ಟಿದ್ದ ಗಂಟಿಗೆಂದು ಬೆಳಕಿಂಡಿಯಿಂದ ಕೈಯಿಳಿಸಿ ನೆಲುವನ್ನು ಜಗ್ಗಿದಳು. ಹಗ್ಗ ಹರಿದು ಗಂಟು ನೀರುಪಾಲಾಯಿತು. ಮೇಲೆ ಮಕ್ಕಳು ಹಸಿವೆಂದು ಅಳತೊಡಗಿದವು.

“ಅಷ್ಟು ನಂಬಿದವಳಿಗೆ ಹೀಗೆ ಮಾಡಿದೆಯಲ್ಲ,” ಎಂದಿತು ಹಲ್ಲಿ.

ತೊಲೆಯಲ್ಲಿ ಉಳಿದಿದ್ದ ತುಂಡು ಮೆಲ್ಲಗೆ ಹೇಳಿತು: “ಶಂಕ್ರವ್ವ ನನ್ನನ್ನು ಒಂದು ವರ್ಷವೂ ನಂಬಲಿಲ್ಲ. ಅದಕ್ಕೇ ಅವಳಿಗೆ ನಾನು ಒಂದು ವರ್ಷವೂ ಕೈಕೊಡಲಿಲ್ಲ.”